ಊರಿನ ಸರಕಾರಿ ಶಾಲೆಯೂ ಊರಿನ ಅಭಿಪ್ರಾಯವೂ

ಪ್ರತಿವರ್ಷ ಬೇಸಗೆಯ ಸೂಟಿ ಮುಗಿದು ಶಾಲೆಗಳ ಬಾಗಿಲು ತೆರೆಯುವ ಹೊತ್ತಿಗೆ ನಮ್ಮ ತಾಲೂಕು ಕೇಂದ್ರಗಳಲ್ಲಿಯೂ ಸಣ್ಣ ಪಟ್ಟಣಗಳಲ್ಲಿಯೂ ಒಂದು ತೀರ್ಪು ಸದ್ದಿಲ್ಲದೆ ಹೊರಬೀಳುತ್ತದೆ. ತಂದೆಯೋ ತಾಯಿಯೋ ಸರಕಾರಿ ಶಾಲೆಗೆ ಬಂದು ಮಗುವಿನ ವರ್ಗಾವಣೆ ಪತ್ರವನ್ನು ಕೇಳುತ್ತಾರೆ, ಮುಖ್ಯೋಪಾಧ್ಯಾಯರು ಬರೆದುಕೊಡುತ್ತಾರೆ, ಮರುದಿನ ಆ ಮಗು ಹಳದಿ ಬಣ್ಣದ ವಾಹನವನ್ನೇರಿ ಊರಾಚೆಯ ಖಾಸಗಿ ಶಾಲೆಗೆ ಹೊರಡುತ್ತದೆ. ಏಕೆ ಬಿಡಿಸುತ್ತೀರಿ ಎಂದು ಕೇಳುವ ಪದ್ಧತಿ ಶಾಲೆಯಲ್ಲಿಲ್ಲ. ಕೇಳದಿದ್ದರೂ ಹೇಳಿಬಿಡುವ ರೂಢಿ ತಾಯಿತಂದೆಗಳಲ್ಲಿಲ್ಲ. ಸಂತೆಯಲ್ಲಿ, ಚಹದಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಶಾಲೆಯ ಗುಣದೋಷಗಳನ್ನು ಕುರಿತು ನಡೆಯುವ ಮಾತಿಗೆ ಮಿತಿಯಿಲ್ಲ. ಆದರೆ ಆ ಮಾತು ಶಾಲೆಯ ಅಂಗಳವನ್ನು ಪ್ರವೇಶಿಸುವುದು ಅಪರೂಪ. ಪ್ರವೇಶಿಸಬೇಕಾದ ಕಾಲ ಮೀರುತ್ತಿದೆಯೆಂಬುದೇ ಇಂದು ನಾವು ವಾಚಕರ ಮುಂದೆ ಇಡಬಯಸುವ ವಿಷಯ.

ಸಣ್ಣ ಊರಿನಲ್ಲಿ ಸರಕಾರಿ ಶಾಲೆಯೆಂದರೆ ಬರಿಯ ಒಂದು ಕಟ್ಟಡವಲ್ಲ. ಕೋಟೆಯ ಶಾಲೆ, ಪೇಟೆಯ ಶಾಲೆ, ಹೆಣ್ಣುಮಕ್ಕಳ ಶಾಲೆ ಎಂದು ಜನರು ತಲೆಮಾರುಗಳಿಂದ ಹೆಸರಿಟ್ಟು ಕರೆದ ಈ ಸಂಸ್ಥೆಗಳಲ್ಲಿ ನೂರು ವರ್ಷ ದಾಟಿದವು ಅನೇಕ. 19ನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದರು. ಮೈಸೂರು ಸಂಸ್ಥಾನವು 1913ರಲ್ಲಿಯೇ ಕಡ್ಡಾಯ ಶಿಕ್ಷಣದ ಕಾನೂನನ್ನು ಮಾಡಿತು. ಈ ಶಾಲೆಗಳು ಎಂದೂ ಸಂಪೂರ್ಣ ಸಮಾನತೆಯ ತಾಣಗಳಾಗಿರಲಿಲ್ಲ. ದಲಿತರ ಮಕ್ಕಳಿಗೆ ಅವುಗಳ ಬಾಗಿಲು ತಡವಾಗಿ, ಹೋರಾಟದ ಮೇಲೆಯೇ ತೆರೆಯಿತೆಂಬುದನ್ನು ಮರೆಯಲಾಗದು. ಆದರೂ ತೆರೆದ ಮೇಲೆ ವಕೀಲರ ಮಗನೂ ಹಮಾಲನ ಮಗನೂ ಒಂದೇ ಹಾಸಿನ ಮೇಲೆ ಕುಳಿತು ಒಂದೇ ಮಗ್ಗಿಯನ್ನು ಒಪ್ಪಿಸಿದ ಸ್ಥಳ ಊರಿನಲ್ಲಿ ಅದೊಂದೇ ಆಗಿತ್ತು.

ಇಂದು ವಕೀಲರ ಮಗನು ಅಲ್ಲಿಲ್ಲ. ವ್ಯಾಪಾರಿಯ ಮಗಳು ಅಲ್ಲಿಲ್ಲ. ತಹಸೀಲ ಕಚೇರಿಯ ಗುಮಾಸ್ತರ ಮಕ್ಕಳೂ ಅಲ್ಲಿಲ್ಲ. ಅದೇ ಶಾಲೆಯಲ್ಲಿ ಪಾಠ ಹೇಳುವ ಉಪಾಧ್ಯಾಯರ ಮಕ್ಕಳೂ ಬಹುಮಟ್ಟಿಗೆ ಬೇರೆ ಕಡೆ ಓದುತ್ತಿದ್ದಾರೆ. ಅರ್ಜಿ ಬರೆಯಬಲ್ಲವರು, ಅಧಿಕಾರಿಗಳೆದುರು ನಿಂತು ಪ್ರಶ್ನಿಸಬಲ್ಲವರು, ಪತ್ರಿಕೆಗೆ ಬರೆಯಬಲ್ಲವರು ಒಬ್ಬೊಬ್ಬರಾಗಿ ಹೊರಗೆ ಹೋದರು. ಉಳಿದವರು ದಿನಗೂಲಿಯವರು, ಕಟ್ಟಡದ ಕೆಲಸದವರು, ಮನೆಗೆಲಸದ ತಾಯಂದಿರು, ವಲಸೆ ಬಂದ ಕುಟುಂಬದವರು. ಅವರಿಗೂ ಅಭಿಪ್ರಾಯವಿದೆ, ಆದರೆ ಅದನ್ನು ಹೇಳಲು ಅರ್ಧ ದಿನದ ಕೂಲಿಯನ್ನು ಕಳೆದುಕೊಳ್ಳಬೇಕು. ಧ್ವನಿಯುಳ್ಳವರು ಬಿಟ್ಟುಹೋದ ಶಾಲೆಯ ನಲ್ಲಿ ಕೆಟ್ಟರೆ ಅದು ಬೇಗ ರಿಪೇರಿಯಾಗುವುದಿಲ್ಲ. ಖಾಲಿಯಾದ ಉಪಾಧ್ಯಾಯರ ಸ್ಥಾನ ಬೇಗ ತುಂಬುವುದಿಲ್ಲ. ಅದನ್ನು ಕಂಡು ಇನ್ನೂ ನಾಲ್ವರು ಬಿಡುತ್ತಾರೆ. ಮಕ್ಕಳ ಸಂಖ್ಯೆ ಇಳಿದಂತೆ ಅನುದಾನವೂ ಇಳಿಯುತ್ತದೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ 100ಕ್ಕೆ ಮೇಲ್ಪಟ್ಟು 250ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿಯ ಸಂಯುಕ್ತ ಅನುದಾನವನ್ನು ಗೊತ್ತುಪಡಿಸಿದರೆ, 100ರ ಒಳಗಿಳಿದ ಶಾಲೆಗೆ ಗೊತ್ತುಪಡಿಸಿದ್ದು 25,000 ಮಾತ್ರ. ಮಕ್ಕಳು ಇಳಿದರೆಂದು ಸೌಕರ್ಯ ಇಳಿಯುವುದು, ಸೌಕರ್ಯ ಇಳಿಯಿತೆಂದು ಮಕ್ಕಳು ಇಳಿಯುವುದು. ಈ ಗಾಣದ ಸುತ್ತು ಕಡೆಗೆ ನಿಲ್ಲುವುದು ಶಾಲೆಯ ಬಾಗಿಲಿಗೆ ಬೀಗ ಬಿದ್ದಾಗಲೇ.

ತಾಯಿತಂದೆಗಳು ಹೇಳುವುದೇನು? ಅವರ ಆಕ್ಷೇಪಗಳಲ್ಲಿ ಮೊದಲನೆಯದು ಇಂಗ್ಲಿಷಿನದು. ಕನ್ನಡವೇ ಪ್ರಾಥಮಿಕ ಶಿಕ್ಷಣದ ಮಾಧ್ಯಮವಾಗಬೇಕೆಂಬುದು ನಮ್ಮ ದೃಢವಾದ ಮತ. ಆದರೆ ಆ ಮತವು ತಾಯಿತಂದೆಗಳ ಮನಸ್ಸನ್ನು ಅರಿಯದಿರುವುದಕ್ಕೆ ನೆಪವಾಗಕೂಡದು. ಮಾಧ್ಯಮವನ್ನು ಕುರಿತು ರಾಜ್ಯವು 1994ರಲ್ಲಿ ಹೊರಡಿಸಿದ ಆಜ್ಞೆಯ ವಿವಾದವು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಮಾಧ್ಯಮದ ಆಯ್ಕೆ ಮಗುವಿನದು, ಮಗುವಿನ ಪರವಾಗಿ ತಾಯಿತಂದೆಗಳದು ಎಂದು 2014ರ ಮೇ 6ರಂದು ಸಂವಿಧಾನ ಪೀಠವು ತೀರ್ಪಿತ್ತಿತು. 2019-20ರಲ್ಲಿ ಸರಕಾರವೇ 1,000 ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಆದರೆ ತಾಯಂದಿರ ಮಾತನ್ನು ಸಾವಧಾನದಿಂದ ಕೇಳಿದವರಿಗೆ ತಿಳಿಯುವುದೇನೆಂದರೆ, ಅವರಲ್ಲಿ ಅನೇಕರಿಗೆ ಬೇಕಾದುದು ಮಗು ಇಂಗ್ಲಿಷನ್ನು ಅಂಜದೆ ಓದಿ ಮಾತನಾಡುವಂತಾಗುವುದು. ಗಣಿತವನ್ನೂ ವಿಜ್ಞಾನವನ್ನೂ ತಿಳಿಯದ ಭಾಷೆಯಲ್ಲಿ ಉರುಹೊಡೆಯುವುದಲ್ಲ. 2007-08ರಿಂದ 1ನೆಯ ತರಗತಿಯಲ್ಲಿಯೇ ಇಂಗ್ಲಿಷು ಒಂದು ಭಾಷೆಯಾಗಿ ಪಾಠಪಟ್ಟಿಯಲ್ಲಿದೆ. ಅದನ್ನು ಸಮರ್ಥವಾಗಿ ಕಲಿಸಿದ್ದರೆ ಕನ್ನಡ ಮಾಧ್ಯಮವನ್ನು ತೊರೆಯಬೇಕೆಂಬ ಆತುರವು ಎಷ್ಟು ಮನೆಗಳಲ್ಲಿ ಉಳಿಯುತ್ತಿತ್ತು? ಈ ಪ್ರಶ್ನೆಯನ್ನು ಶಾಲೆಯು ತಾಯಿತಂದೆಗಳೆದುರು ಎತ್ತಿಯೇ ಇಲ್ಲ. ಅವರನ್ನು ಕೇಳದೆ ಕನ್ನಡವನ್ನು ಉಳಿಸುತ್ತೇವೆಂಬವರು ಕನ್ನಡ ಶಾಲೆಯನ್ನೇ ಕಳೆದುಕೊಳ್ಳುವರು.

ಎರಡನೆಯದು ಉಪಾಧ್ಯಾಯರ ಅಭಾವ. ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸುತ್ತಾರೆ, ಮಕ್ಕಳು ಆಡುತ್ತಾರೆ, ಬರೆಯುವುದಿಲ್ಲ ಎಂಬ ಮಾತನ್ನು ನಾವು ಪದೇ ಪದೇ ಕೇಳುತ್ತೇವೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯು ಕಾರ್ಡುಗಳಿಂದಲೂ ಹಾಡು ಆಟಗಳಿಂದಲೂ ಪ್ರತಿ ಮಗುವನ್ನು ಅದರದರ ವೇಗದಲ್ಲಿ ಕಲಿಸುವ ಉದ್ದೇಶವುಳ್ಳದ್ದು. ಬೇರೆ ಬೇರೆ ತರಗತಿಯ ಮಕ್ಕಳು ಕೂಡಿ ಕುಳಿತುಕೊಳ್ಳುವುದು ಆ ಪದ್ಧತಿಯ ಅಂಗವೇ. ಆದರೆ ಉಪಾಧ್ಯಾಯರು ಇಲ್ಲದ್ದರಿಂದ ಮಕ್ಕಳನ್ನು ಒಂದೆಡೆ ಕೂಡಿಹಾಕುವುದಕ್ಕೂ ಪದ್ಧತಿಯಂತೆ ಕೂಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ತಾಯಿಗೆ ಯಾರು ತಿಳಿಸಿದರು? ಅವಳ ಆಕ್ಷೇಪವು ಒಂದು ಶಾಲೆಯಲ್ಲಿ ತಪ್ಪಾಗಿರಬಹುದು, ಇನ್ನೊಂದರಲ್ಲಿ ಅಕ್ಷರಶಃ ಸತ್ಯವಾಗಿರಬಹುದು. ಎರಡು ಸಂದರ್ಭಗಳಲ್ಲಿಯೂ ಅವಳಿಗೆ ಉತ್ತರವು ಸಲ್ಲತಕ್ಕದ್ದು.

ಮೂರನೆಯದು ಪರೀಕ್ಷೆಯ ಫಲಿತಾಂಶ. ಇದರಲ್ಲಿ ತಾಯಿತಂದೆಗಳ ಅಳತೆಗೋಲನ್ನೇ ನಾವು ಸ್ವಲ್ಪ ಪರಿಶೀಲಿಸಬೇಕಾಗಿದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ 2023ರಲ್ಲಿ ನೂರಕ್ಕೆ 83.89 ಮಂದಿ ತೇರ್ಗಡೆಯಾದರು. ಪರೀಕ್ಷಾ ಕೋಣೆಗಳಿಗೆ ಕ್ಯಾಮರಾದ ಕಾವಲನ್ನಿಟ್ಟ 2024ರಲ್ಲಿ, ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆಯೂ ಆ ಸಂಖ್ಯೆ 73.40ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಮಕ್ಕಳ ಬುದ್ಧಿ ಕುಂದಲಿಲ್ಲ, ಪಾಠ ಹೇಳುವವರ ಶಕ್ತಿಯೂ ಕುಂದಲಿಲ್ಲ. ಹಿಂದಿನ ಅಳತೆಯಲ್ಲಿಯೇ ಸುಳ್ಳಿನ ಅಂಶವು ಬೆರೆತಿತ್ತೆಂದು ಹೇಳಬೇಕಾಗುತ್ತದೆ. ಊರ ನಡುವೆ ಕಟ್ಟಿದ ಫಲಕದ ಮೇಲಿನ ಶೇಕಡಾವಾರು ಸಂಖ್ಯೆಯನ್ನು ನೋಡಿ ಶಾಲೆಯನ್ನು ಆರಿಸುವ ತಂದೆಯು ಇದನ್ನು ಯೋಚಿಸಬೇಕು.

ಇನ್ನು ವಿದ್ಯಾರ್ಥಿಗಳ ಮಾತು. ದೊಡ್ಡವರು ಮಾಧ್ಯಮ, ಅಂಕ, ಭವಿಷ್ಯಗಳನ್ನು ಕುರಿತು ಮಾತನಾಡಿದರೆ ಮಕ್ಕಳು ಇಂದಿನ ದಿನವನ್ನು ಕುರಿತು ಮಾತನಾಡುತ್ತಾರೆ. ಕುಡಿಯುವ ನೀರಿದೆಯೇ? ಶೌಚಾಲಯದ ಬಾಗಿಲಿಗೆ ಅಗುಳಿಯಿದೆಯೇ, ಒಳಗೆ ನೀರಿದೆಯೇ? ಗಣಿತದ ಮೇಷ್ಟ್ರು ಇಂದು ಬರುವರೇ? ತಪ್ಪು ಉತ್ತರ ಹೇಳಿದರೆ ಹೊಡೆಯುವರೇ, ಮತ್ತೊಮ್ಮೆ ಹೇಳಿಕೊಡುವರೇ? 2009ರ ಶಿಕ್ಷಣ ಹಕ್ಕಿನ ಕಾನೂನು ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶೌಚಾಲಯವನ್ನೂ ಶುದ್ಧವಾದ ನೀರನ್ನೂ ಕಡ್ಡಾಯಗೊಳಿಸಿದೆ. ಕಟ್ಟಡವನ್ನು ಎಣಿಸುವ ಅಧಿಕಾರಿಗಳ ತಖ್ತೆಯಲ್ಲಿ ಶೌಚಾಲಯವು ಇದೆಯೆಂದೇ ಬರೆದಿರುತ್ತದೆ. ಅದಕ್ಕೆ ಬೀಗ ಹಾಕಿದೆ, ಬೀಗದ ಕೈ ಉಪಾಧ್ಯಾಯರ ಬಳಿ ಇದೆ ಎಂಬ ಸಂಗತಿಯನ್ನು ಹೇಳಬಲ್ಲವಳು 7ನೆಯ ತರಗತಿಯ ಹುಡುಗಿಯೊಬ್ಬಳೇ. ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕಾಲ ಕಳೆಯುವ ಹೆಣ್ಣುಮಗುವಿನ ಕಷ್ಟಕ್ಕೆ ಯಾವ ತಖ್ತೆಯಲ್ಲಿಯೂ ಕಲಮು ಇಲ್ಲ.

ಮಕ್ಕಳಿಗೆ ಹೇಳಲು ಬರುವುದಿಲ್ಲವೆಂಬವರು 2021ರ ಡಿಸೆಂಬರನ್ನು ನೆನೆಯಬೇಕು. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಡನೆ ಮೊಟ್ಟೆಯನ್ನು ಕೊಡಲು ಸರಕಾರವು ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆ ವಾದವಿವಾದದಲ್ಲಿ ದೊಡ್ಡವರೇ ಮಾತನಾಡುತ್ತಿದ್ದರು. ಉಣ್ಣತಕ್ಕವರನ್ನು ಯಾರೂ ಕೇಳಿರಲಿಲ್ಲ. ಗಂಗಾವತಿಯ ಸರಕಾರಿ ಶಾಲೆಯ ಬಾಲಕಿಯರು ತಮಗೆ ಮೊಟ್ಟೆ ಬೇಕೆಂದೂ ಬೇಡವೆನ್ನಲು ಬೇರೆಯವರಿಗೆ ಅಧಿಕಾರವಿಲ್ಲವೆಂದೂ ಬಹಿರಂಗವಾಗಿ ಹೇಳಿದರು. ಆ ಮಾತಿನಲ್ಲಿ ಒರಟುತನವಿದ್ದರೆ ಅದು ಹಸಿವನ್ನು ಬಲ್ಲವರ ಒರಟುತನ. ಮೊಟ್ಟೆಯ ಯೋಜನೆಯು ಮುಂದೆ ರಾಜ್ಯಕ್ಕೆಲ್ಲ ವಿಸ್ತರಿಸಿತು; ತಿನ್ನದವರಿಗೆ ಬಾಳೆಹಣ್ಣೋ ಚಿಕ್ಕಿಯೋ ದೊರೆಯುವ ಏರ್ಪಾಡೂ ಆಯಿತು. ಮಕ್ಕಳ ಅಭಿಪ್ರಾಯವು ಸ್ಪಷ್ಟವಾಗಿಯೂ ನ್ಯಾಯವಾಗಿಯೂ ಇರಬಲ್ಲುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನವು ಬೇಕಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿದೆಯೇ ಎಂದರೆ, ಇಲ್ಲ. ನಮ್ಮ ರಾಜ್ಯವು ದೇಶದ ಕಾನೂನಿಗಿಂತ ಮುಂಚೆಯೇ, 2001ರಲ್ಲಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಏರ್ಪಡಿಸಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾನೂನಿನ 21ನೆಯ ಕಲಮಿನಂತೆ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ತಾಯಿತಂದೆಗಳೋ ಪಾಲಕರೋ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದ ಮಕ್ಕಳ ಪಾಲಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು. 22ನೆಯ ಕಲಮಿನಂತೆ ಶಾಲೆಯ ಅಭಿವೃದ್ಧಿಯ ಯೋಜನೆಯನ್ನು ಈ ಸಮಿತಿಯೇ ಸಿದ್ಧಪಡಿಸಬೇಕು. ಅನುದಾನಕ್ಕೆ ಅದೇ ಆಧಾರವಾಗಬೇಕು. ಕೇಂದ್ರ ಸರಕಾರವು 2010ರಲ್ಲಿ ರಚಿಸಿದ ಮಾದರಿ ನಿಯಮಗಳು ತಿಂಗಳಿಗೊಮ್ಮೆ ಸಭೆ ಸೇರಬೇಕೆಂದೂ ನಡವಳಿಕೆಯನ್ನು ಬರೆದು ಜನರಿಗೆ ತೋರಿಸಬೇಕೆಂದೂ ಹೇಳುತ್ತವೆ. ಅಷ್ಟೇ ಅಲ್ಲ, ಉಳಿದ ಕಾಲು ಪಾಲಿನ ಸ್ಥಾನಗಳಲ್ಲಿ ಕೆಲವಕ್ಕೆ ಅದೇ ಶಾಲೆಯ ಮಕ್ಕಳನ್ನು ತೆಗೆದುಕೊಳ್ಳಲು ಅವು ಎಡೆಮಾಡಿಕೊಟ್ಟಿವೆ. ಮಗುವಿಗೆ ಸಂಬಂಧಿಸಿದ ವಿಷಯಗಳಲ್ಲಿ ಮಗುವಿನ ಅಭಿಪ್ರಾಯವನ್ನು ಕೇಳಬೇಕೆಂಬ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತವು 1992ರಲ್ಲಿಯೇ ಸಮ್ಮತಿಸಿದೆ. ಹಳ್ಳಿಗಳಲ್ಲಿ ಮಕ್ಕಳ ಗ್ರಾಮಸಭೆಯೆಂಬ ಏರ್ಪಾಡಾದರೂ ಇದೆ. ಪುರಸಭೆ, ಪಟ್ಟಣ ಪಂಚಾಯತಿಗಳ ಊರುಗಳಲ್ಲಿ ಅಂತಹ ಪದ್ಧತಿಯು ಬೇರೂರಿಲ್ಲ. ಸಣ್ಣ ಪಟ್ಟಣದ ಮಗು ಈ ಮಟ್ಟಿಗೆ ಹಳ್ಳಿಯ ಮಗುವಿಗಿಂತಲೂ ಮೂಕ.

ಕಾಗದದ ಮೇಲಿನ ಈ ಸೌಧವು ನೆಲದ ಮೇಲೆ ಹೇಗಿದೆ? ಎಚ್ಚತ್ತ ಪಾಲಕರೂ ಉತ್ಸಾಹಿಗಳಾದ ಉಪಾಧ್ಯಾಯರೂ ಕೂಡಿದ ಊರುಗಳಲ್ಲಿ ಸಮಿತಿಗಳು ಶಾಲೆಯ ಮುಖವನ್ನೇ ಬದಲಾಯಿಸಿವೆ. ಅದನ್ನು ಸಂತೋಷದಿಂದ ಒಪ್ಪುತ್ತೇವೆ. ಆದರೆ ಅನೇಕ ಊರುಗಳಲ್ಲಿ ಸಮಿತಿಯ ಚುನಾವಣೆಯೆಂದರೆ ಪುಢಾರಿಗಳು ಒಪ್ಪಿದ ಹೆಸರುಗಳ ಪಟ್ಟಿ. ಸಭೆಯೆಂದರೆ ಮನೆಗೆ ಕಳುಹಿಸಿ ರುಜು ಮಾಡಿಸಿ ತರಿಸಿದ ಪುಸ್ತಕ. ತಾಯಂದಿರ ಸ್ಥಾನವೆಂದರೆ ಗಂಡಂದಿರು ಕುಳಿತುಕೊಳ್ಳುವ ಕುರ್ಚಿ. ಹಳೆಯ ವಿದ್ಯಾರ್ಥಿಗಳು ಶತಮಾನೋತ್ಸವಕ್ಕೆ ಬಂದು ತಮ್ಮ ಹೆಸರನ್ನು ಕೆತ್ತಿಸಿದ ಕಮಾನನ್ನೂ ರಂಗಮಂದಿರವನ್ನೂ ಕಟ್ಟಿಸಿಕೊಡುತ್ತಾರೆ. ಅವರ ಅಭಿಮಾನವು ವಂದನೀಯವೇ. ಆದರೆ ಕಮಾನಿನ ಬದಲು ಶೌಚಾಲಯವನ್ನು ದಿನವೂ ತೊಳೆಯುವ ಒಬ್ಬರ ಸಂಬಳವು ಬೇಕಾಗಿತ್ತೆಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ.

2022ರ ಅಕ್ಟೋಬರಿನಲ್ಲಿ ನಡೆದ ಒಂದು ಸಂಗತಿಯು ಆಳುವವರ ಮನೋಧರ್ಮವನ್ನು ಚೆನ್ನಾಗಿ ತೋರಿಸಿತು. ಸರಕಾರಿ ಶಾಲೆಗಳ ಖರ್ಚಿಗಾಗಿ ತಾಯಿತಂದೆಗಳಿಂದ ತಿಂಗಳಿಗೆ 100 ರೂಪಾಯಿಯ ದೇಣಿಗೆಯನ್ನು ಸಂಗ್ರಹಿಸಬಹುದೆಂದು ಸುತ್ತೋಲೆಯು ಹೊರಟಿತು. ವಿರೋಧವೆದ್ದೊಡನೆ ಅದನ್ನು ಹಿಂದಕ್ಕೆ ಪಡೆಯಲಾಯಿತು. ಹಣವನ್ನು ಕೇಳಲು ನೆನಪಾದ ತಾಯಿತಂದೆಗಳು ಸಲಹೆಯನ್ನು ಕೇಳಲು ನೆನಪಾಗಲಿಲ್ಲ. ಅದೇ ರೀತಿ 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಉಪಾಧ್ಯಾಯರನ್ನು ಮನೆಮನೆಗೆ ಕಳುಹಿಸಿ, ದಸರೆಯ ಸೂಟಿಯನ್ನು ಅಕ್ಟೋಬರ್ 18ರವರೆಗೆ ಲಂಬಿಸಲಾಯಿತು. ಸಮೀಕ್ಷೆಯ ಉದ್ದೇಶವನ್ನು ನಾವು ಅಲ್ಲಗಳೆಯುತ್ತಿಲ್ಲ. ಆದರೆ ಕಳೆದ ಪಾಠದ ದಿನಗಳು ಯಾರ ಮಕ್ಕಳವು, ಅವುಗಳನ್ನು ತುಂಬಿಕೊಡುವುದು ಹೇಗೆ ಎಂದು ಎಷ್ಟು ಸಮಿತಿಗಳನ್ನು ಕೇಳಲಾಯಿತು?

ಉಪಾಧ್ಯಾಯರ ಪಕ್ಷವನ್ನು ಮರೆಯುವುದು ಅನ್ಯಾಯವಾದೀತು. ದಶವಾರ್ಷಿಕ ಜನಗಣತಿ, ವಿಪತ್ತಿನ ಪರಿಹಾರ, ಚುನಾವಣೆ ಇವುಗಳ ಹೊರತು ಬೇರೆ ಕೆಲಸಗಳಿಗೆ ಉಪಾಧ್ಯಾಯರನ್ನು ಹಚ್ಚಬಾರದೆಂದು ಕಾನೂನಿನ 27ನೆಯ ಕಲಮು ಹೇಳಿದರೂ, ಊಟದ ಲೆಕ್ಕ, ಹಾಲಿನ ಲೆಕ್ಕ, ಸಮವಸ್ತ್ರದ ಲೆಕ್ಕ, ಗಣಕಯಂತ್ರಕ್ಕೆ ತುಂಬುವ ಅಂಕಿ ಅಂಶಗಳ ನಡುವೆ ಪಾಠಕ್ಕೆ ಉಳಿಯುವ ವೇಳೆ ಅಲ್ಪ. ಅಲ್ಪ ಗೌರವಧನಕ್ಕೆ ದುಡಿಯುವ ಅತಿಥಿ ಶಿಕ್ಷಕನಿಗೆ ಮುಂದಿನ ವರ್ಷದ ಭರವಸೆಯಿಲ್ಲ. ಇಂಥವರ ಮೇಲೆ ಪಾಲಕರನ್ನು ಎತ್ತಿಕಟ್ಟಿದಂತಾಗದೇ, ಜಾತಿ ಪಕ್ಷಗಳ ಜಗಳವು ಶಾಲೆಯನ್ನು ಹೊಗದೇ, ಅಕ್ಷರ ತಿಳಿಯದ ತಾಯಿಯು ಪಾಠದ ಗುಣವನ್ನು ಹೇಗೆ ಅಳೆಯಬಲ್ಲಳು ಎಂದು ಕೆಲವರು ಆಕ್ಷೇಪಿಸುವರು. ಜಗಳದ ಭಯವು ನಿಜವೇ. ಆದರೆ ಜಗಳವು ಹುಟ್ಟುವುದು ಮಾತಿಗೆ ನಿಯತವಾದ ಸ್ಥಳವಿಲ್ಲದಾಗ. ನಿಯಮಬದ್ಧವಾದ ಸಭೆಯಲ್ಲಿ ಆಡಿದ ಮಾತಿಗೆ ಉತ್ತರವಿದೆ, ದಾಖಲೆಯಿದೆ. ಚಹದಂಗಡಿಯ ನಿಂದೆಗೆ ಎರಡೂ ಇಲ್ಲ. ತನ್ನ ಕೊರತೆಯನ್ನು ಮೇಲಧಿಕಾರಿಗಳಿಗೆ ಒಬ್ಬನೇ ಬರೆದು ಬೇಸತ್ತ ಮುಖ್ಯೋಪಾಧ್ಯಾಯನಿಗೆ ಐವತ್ತು ತಾಯಿತಂದೆಗಳ ರುಜುವಿಗಿಂತ ದೊಡ್ಡ ಬೆಂಬಲವು ಯಾವುದು? ಅಕ್ಷರ ತಿಳಿಯದ ತಾಯಿಯು ಪಾಠವನ್ನು ಅಳೆಯಲಾರಳೆಂದೇ ಇಟ್ಟುಕೊಳ್ಳೋಣ. ಮಗು ಸಂಜೆ ಮನೆಗೆ ಬಂದಾಗ ಅದರ ಮುಖವನ್ನು ಅವಳು ಬಲ್ಲಳು. 1881ರಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲು ಸೇರಿದಾಗಲೂ ರೈತರಿಗೆ ರಾಜ್ಯಭಾರವೇನು ತಿಳಿದೀತೆಂಬ ಶಂಕೆಗೆ ಅವಕಾಶವಿತ್ತು. ಅಹವಾಲನ್ನು ಹೇಳುತ್ತ ಹೇಳುತ್ತಲೇ ಜನರು ಆಡಳಿತವನ್ನು ಕಲಿತರು.

ಇಲ್ಲಿ ನಮ್ಮ ವಾಚಕರಲ್ಲಿಯೇ ಅನೇಕರಾದ ಅಧಿಕಾರಿಗಳಿಗೂ ವಿದ್ಯಾವಂತ ಗೃಹಸ್ಥರಿಗೂ ಒಂದು ಮಾತು. 2015ರ ಆಗಸ್ಟಿನಲ್ಲಿ ಅಲಹಾಬಾದಿನ ಹೈಕೋರ್ಟು, ಸರಕಾರದ ಸಂಬಳ ಪಡೆಯುವವರು ತಮ್ಮ ಮಕ್ಕಳನ್ನು ಸರಕಾರಿ ಪ್ರಾಥಮಿಕ ಶಾಲೆಗೇ ಕಳುಹಿಸುವಂತೆ ಮಾಡಬೇಕೆಂದು ಉತ್ತರ ಪ್ರದೇಶದ ಸರಕಾರಕ್ಕೆ ಅಪ್ಪಣೆ ಮಾಡಿತು. ತಮ್ಮ ಮಗುವಿರುವ ಶಾಲೆಯ ಮಾಡು ಸೋರುವುದನ್ನು ಯಾವ ಅಧಿಕಾರಿಯೂ ಎರಡು ಮಳೆಗಾಲ ನೋಡುತ್ತ ಕೂಡಲಾರನೆಂಬ ಸರಳವಾದ ಸತ್ಯವು ಆ ತೀರ್ಪಿನ ಹಿಂದಿತ್ತು. ಬಲವಂತದಿಂದ ಮಕ್ಕಳನ್ನು ಕರೆತರಬೇಕೆಂದು ನಾವು ಹೇಳುವುದಿಲ್ಲ. ಮಗುವನ್ನು ಕಳುಹಿಸದಿದ್ದರೂ ಊರಿನ ಶಾಲೆಯು ತಮ್ಮದೆಂದು ತಿಳಿದು ಸಭೆಗೆ ಹೋಗಿ ಕುಳಿತು, ಬರೆಯಲಾರದವರ ಅರ್ಜಿಯನ್ನು ಬರೆದುಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಆಗಬೇಕಾದ ಕೆಲಸಗಳು ದೊಡ್ಡ ಖರ್ಚಿನವಲ್ಲ. ವರ್ಗಾವಣೆ ಪತ್ರವನ್ನು ಕೊಡುವಾಗ ಬಿಡುವ ಕಾರಣವನ್ನು ಸೌಜನ್ಯದಿಂದ ಕೇಳಿ ಒಂದು ಪುಸ್ತಕದಲ್ಲಿ ಬರೆದಿಟ್ಟು, ಅದನ್ನು ಮುಂದಿನ ಸಮಿತಿಯ ಸಭೆಯಲ್ಲಿ ಓದಬೇಕು. ಪಾಲಕರ ಸಭೆಯನ್ನು ಕೂಲಿಯವರೂ ಬರಲು ಸಾಧ್ಯವಾಗುವಂತೆ ಸಂಜೆಯಲ್ಲೋ ಸಂತೆಯ ರಜೆಯ ದಿನದಲ್ಲೋ ಸೇರಿಸಿ, ಸಮಿತಿಯ ಚುನಾವಣೆಯನ್ನು ಅಲ್ಲಿಯೇ ಎಲ್ಲರೆದುರು ನಡೆಸಬೇಕು. ನಡವಳಿಕೆಯನ್ನು ತಿಳಿಗನ್ನಡದಲ್ಲಿ ಬರೆದು ಶಾಲೆಯ ಗೋಡೆಗೆ ಅಂಟಿಸಬೇಕು. ಮಾದರಿ ನಿಯಮವು ಒಪ್ಪಿದಂತೆ ಸಮಿತಿಯಲ್ಲಿ ಮಕ್ಕಳಿಗೆ, ಅವರಲ್ಲಿಯೂ ಹೆಣ್ಣುಮಕ್ಕಳಿಗೆ, ಸ್ಥಾನ ಕೊಡಬೇಕು. ಹೆಸರು ಬರೆಯದೆ ದೂರನ್ನು ಹಾಕುವ ಪೆಟ್ಟಿಗೆಯ ಬೀಗದ ಕೈ ಉಪಾಧ್ಯಾಯರ ಬಳಿ ಇರದೆ ತಾಯಂದಿರ ಬಳಿ ಇರಬೇಕು. ಪುರಸಭೆಯ ಸದಸ್ಯರು ಅರ್ಧವರ್ಷಕ್ಕೊಮ್ಮೆಯಾದರೂ ತಮ್ಮ ವಾರ್ಡಿನ ಮಕ್ಕಳೆದುರು ಕುಳಿತು ಅವರ ಮಾತನ್ನು ಕೇಳಬೇಕು. ಸಮಿತಿಯ ಠರಾವಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯವರು ಒಂದು ತಿಂಗಳೊಳಗಾಗಿ ಲಿಖಿತವಾದ ಉತ್ತರ ಕೊಡಬೇಕು. ಆಗುವುದಿಲ್ಲವೆಂಬ ಉತ್ತರವಾದರೂ ಸರಿ, ಕಾರಣವು ಅದರಲ್ಲಿರಬೇಕು. ಉತ್ತರ ಬಾರದ ಸಭೆಗೆ ಜನರು ಎರಡನೆಯ ಸಲ ಬರುವುದಿಲ್ಲ.

ಅಭಿಪ್ರಾಯವನ್ನು ಕೇಳಿದ ಮಾತ್ರಕ್ಕೆ ಶಾಲೆಯು ಸುಧಾರಿಸಿಬಿಡುವುದೆಂಬ ಭ್ರಮೆ ನಮಗಿಲ್ಲ. ಉಪಾಧ್ಯಾಯರ ನೇಮಕವೂ ಕಟ್ಟಡದ ಹಣವೂ ಸರಕಾರದ ಹೊಣೆ; ಆ ಹೊಣೆಯನ್ನು ಸಮಿತಿಯ ಹೆಗಲಿಗೆ ಜಾರಿಸುವುದನ್ನು ನಾವು ಒಪ್ಪುವವರಲ್ಲ. ಆದರೆ ಯಾವ ಸರಕಾರವೂ ಕೇಳದವರಿಗೆ ಕೊಟ್ಟಿಲ್ಲ. ಬರುವ ಜೂನಿನಲ್ಲಿ ಮತ್ತೆ ವರ್ಗಾವಣೆ ಪತ್ರಗಳನ್ನು ಕೇಳಲು ತಾಯಿತಂದೆಗಳು ಬರುವರು. ಅದಕ್ಕೆ ಮೊದಲೇ ಅವರನ್ನೂ ಅವರ ಮಕ್ಕಳನ್ನೂ ಕರೆದು ಕೂಡಿಸಿ ಮಾತನಾಡಿಸುವ ಕಾರ್ಯವನ್ನು ಇಲಾಖೆಯೂ ಪುರಸಭೆಗಳೂ ಊರಿನ ಮಹಾಜನರೂ ಕೈಗೊಳ್ಳುವರೆಂದು ನಾವು ಆಶಿಸುತ್ತೇವೆ.